ಮಣಿಕಟ್ಟು ಬಿಡದ ಗಡಿಯಾರ

೧೯೨೭ರ ಅಕ್ಟೋಬರ್ ತಿಂಗಳು. ಇಂಗ್ಲಿಷ್ ಕಡಲ್ಗಾಲುವೆಯ ಕೊರೆಯುವ ನೀರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ತರುಣಿ ಹತ್ತು ಗಂಟೆಗೂ ಮಿಗಿಲಾಗಿ ಈಜಿದಳು. ದಡ ಸೇರುವ ಮುನ್ನವೇ ಚಳಿಗೆ ಸೋತ ಆಕೆಯನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಆದರೆ ಆಕೆ ಒಯ್ದಿದ್ದ ರೋಲೆಕ್ಸ್ ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ನೀರನ್ನು ಗೆದ್ದ ಆ ಗಡಿಯಾರವಿದ್ದುದು ಆಕೆಯ ಮಣಿಕಟ್ಟಿನಲ್ಲಲ್ಲ, ಕೊರಳಿನಲ್ಲಿ.

ಈಜುವವರಿಗೆ ಕೊರಳಾದರೂ ನಡೆದೀತು, ಮುಳುಗುಗಾರನಿಗೆ ನಡೆಯದು. ನೀರಿಗಿಳಿದು ಎಷ್ಟು ಹೊತ್ತಾಯಿತು, ಮೇಲೇರುವಾಗ ಎಲ್ಲೆಲ್ಲಿ ಎಷ್ಟು ನಿಮಿಷ ತಂಗಬೇಕು ಎಂಬುದು ಕಣ್ಣೆದುರಿಗೇ ಇರಬೇಕು. ಲೆಕ್ಕ ತಪ್ಪಿದರೆ ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟಿ ಪ್ರಾಣಕ್ಕೇ ಎರವಾಗಬಹುದು. ಇಂದು ಆ ಲೆಕ್ಕವನ್ನು ಬಹುಮಟ್ಟಿಗೆ ಕಂಪ್ಯೂಟರು ಮಾಡುತ್ತದೆ. ಅದು ಕೈಕೊಟ್ಟಾಗ ಆಸರೆ ಗಡಿಯಾರವೇ.

ಇಷ್ಟು ಹೊಣೆ ಹೊತ್ತ ಯಂತ್ರವನ್ನು ಕೈಗೆ ಹಿಡಿದಿರಿಸುವುದು ಯಾವುದು? ಉಕ್ಕಿನ ಕವಚವಲ್ಲ, ದಪ್ಪ ಗಾಜೂ ಅಲ್ಲ. ಪಟ್ಟಿಯ ತುದಿಗಳಲ್ಲಿ ಅಡಗಿರುವ, ಬೆಂಕಿಕಡ್ಡಿಗಿಂತ ಗಿಡ್ಡನೆಯ ಎರಡು ಸ್ಪ್ರಿಂಗು ಕಡ್ಡಿಗಳು! ಉಪ್ಪುನೀರಿಗೆ ತುಕ್ಕು ಹಿಡಿದೋ ಬಂಡೆಗೆ ತಗುಲಿಯೋ ಒಂದು ಜಾರಿತೆಂದರೆ ಗಡಿಯಾರ ಸಮುದ್ರದ ಪಾಲು.

ಬ್ರಿಟಿಷ್ ಸೈನ್ಯದವರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ೧೯೭೦ರ ದಶಕದಲ್ಲಿ ನೌಕಾದಳದ ಮುಳುಗುಗಾರರಿಗೆ ಕೊಟ್ಟ ಗಡಿಯಾರಗಳಲ್ಲಿ ಕಡ್ಡಿಗಳನ್ನು ಕಳಚಲಾಗದಂತೆ ಕವಚಕ್ಕೇ ಬೆಸೆದರು. ೧೯೭೩ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ನೈಲಾನ್ ಪಟ್ಟಿಯೊಂದನ್ನು ಗೊತ್ತುಪಡಿಸಿತು. ಅದು ಎರಡು ತುಂಡುಗಳಲ್ಲ. ಎರಡೂ ಕಡ್ಡಿಗಳ ಸಂದಿನಲ್ಲಿ ನುಸುಳಿ ಗಡಿಯಾರದ ಬೆನ್ನಿನಡಿ ಹಾಯುವ ಒಂದೇ ಪಟ್ಟಿ. ಅಂಥ ಪಟ್ಟಿಯಲ್ಲಿ ಒಂದು ಕಡ್ಡಿ ಮುರಿದರೂ ಇನ್ನೊಂದು ಗಡಿಯಾರವನ್ನು ಬಿಡದು.

ಇನ್ನೊಂದು ತೊಡಕು ಆಳದ್ದು. ಮುಳುಗುಗಾರನ ರಬ್ಬರ್ ಉಡುಪಿನ ತುಂಬ ಅನಿಲದ ಸಣ್ಣ ಗುಳ್ಳೆಗಳಿರುತ್ತವೆ. ೧೦ ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಇಮ್ಮಡಿಯಾಗಿ ಗುಳ್ಳೆಗಳು ಕುಗ್ಗುತ್ತವೆ, ಉಡುಪು ತೆಳ್ಳಗಾಗುತ್ತದೆ. ತೋಳಿನ ಮೇಲೆ ಬಿಗಿಯಾಗಿ ಕಟ್ಟಿದ್ದ ಗಡಿಯಾರ ಆಗ ಸಡಿಲ ಬಳೆಯಂತೆ ಸುತ್ತತೊಡಗುತ್ತದೆ. ೧೯೭೫ರಲ್ಲಿ ಜಪಾನಿನ ಸೈಕೋ ಸಂಸ್ಥೆ ತನ್ನ ೬೦೦ ಮೀಟರ್ ಆಳದ ಗಡಿಯಾರಕ್ಕೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳುಳ್ಳ ಪಟ್ಟಿಯನ್ನು ಜೋಡಿಸಿತು. ದೋಣಿಯಲ್ಲಿ ಹಿಗ್ಗಿದ್ದ ಮಡಿಕೆಗಳು ಆಳದಲ್ಲಿ ತಾವಾಗಿಯೇ ಕುಗ್ಗಿ ಪಟ್ಟಿಯನ್ನು ಬಿಗಿಯಾಗಿಯೇ ಇರಿಸುತ್ತವೆ.

ಮುಳುಗು ಗಡಿಯಾರಗಳ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಒ ೬೪೨೫ ಕೂಡ ಈ ಕಡ್ಡಿಗಳನ್ನು ಕಡೆಗಣಿಸಿಲ್ಲ. ಪಟ್ಟಿಯ ಜೋಡಣೆ ೨೦೦ ನ್ಯೂಟನ್, ಎಂದರೆ ಸುಮಾರು ೨೦ ಕಿಲೋಗ್ರಾಂ ತೂಕದ ಎಳೆತವನ್ನು ತಾಳಬೇಕೆಂದು ಅದು ವಿಧಿಸುತ್ತದೆ.

ಆದರೆ ಪರೀಕ್ಷೆಯಲ್ಲಿ ಗೆದ್ದ ಕಡ್ಡಿಯೂ ಕಾಲಕ್ರಮದಲ್ಲಿ ಸವೆಯುತ್ತದೆ. ಆದುದರಿಂದ ಬಲ್ಲವರು ಕಡಲಿನಿಂದ ಬಂದೊಡನೆ ಗಡಿಯಾರವನ್ನು ಸಿಹಿನೀರಿನಲ್ಲಿ ತೊಳೆಯುತ್ತಾರೆ. ಕಡ್ಡಿಯ ಸ್ಪ್ರಿಂಗನ್ನು ಒತ್ತಿ ನೋಡಿ, ಅದು ಮೆತ್ತಗಾಗಿದ್ದರೆ ಹೊಸದನ್ನು ಹಾಕಿಸುತ್ತಾರೆ. ಬಂಡಿ ಎಷ್ಟೇ ಗಟ್ಟಿಯಾಗಿರಲಿ, ಗಾಲಿಯನ್ನು ಕಾಯುವುದು ಕಡಾಣಿಯೇ ಅಲ್ಲವೆ?