ಮಾಲಿನ್ಯ ಸಂಶೋಧನೆಯ ಫಲಿತಾಂಶಗಳ ಸಮುದಾಯ ಹಂಚಿಕೆ

ಮಾಲಿನ್ಯ ಸಂಶೋಧನೆಯ ಫಲಿತಾಂಶಗಳ ಸಮುದಾಯ ಹಂಚಿಕೆ ಎಂದರೆ ನೀರು, ಮಣ್ಣು, ಗಾಳಿ, ಆಹಾರ ಅಥವಾ ಮಾನವ ದೇಹದಲ್ಲಿರುವ ಮಾಲಿನ್ಯಕಾರಕಗಳನ್ನು ಅಳೆದು ಪಡೆದ ತಿಳಿವಳಿಕೆಯನ್ನು, ಮಾಲಿನ್ಯಕ್ಕೆ ಒಳಗಾದ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಮರಳಿ ತಲುಪಿಸುವ ಕಾರ್ಯ. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದಲ್ಲಿ ನಡೆದ ಎಂಡೋಸಲ್ಫಾನ್ ಅಧ್ಯಯನಗಳು ಇದರ ಮಹತ್ವಕ್ಕೆ ಪ್ರಮುಖ ನಿದರ್ಶನವಾಗಿವೆ.

ಹಿನ್ನೆಲೆ

ಪಡ್ರೆಯು ಎಣ್ಮಕಜೆ ಗ್ರಾಮ ಪಂಚಾಯಿತಿಗೆ ಸೇರಿದ್ದು, ಕನ್ನಡ, ತುಳು ಹಾಗೂ ಮಲಯಾಳ ಭಾಷಿಕರು ಇಲ್ಲಿ ವಾಸಿಸುತ್ತಾರೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಜಿಲ್ಲೆಯ ತನ್ನ ಗೇರು ತೋಟಗಳಿಗೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಕೀಟನಾಶಕ ಸಿಂಪಡಿಸಿತು. ತೋಟಗಳು ಗುಡ್ಡಗಳ ಮೇಲಿದ್ದು, ಮನೆಗಳೂ ತೊರೆಗಳೂ ಕೆಳಗಿನ ಕಣಿವೆಯಲ್ಲಿದ್ದವು. 1979ರಲ್ಲಿಯೇ ಪತ್ರಕರ್ತ ಶ್ರೀಪಡ್ರೆ ಅವರು ಅಂಗವಿಕಲವಾಗಿ ಹುಟ್ಟಿದ ಕರುಗಳ ಕುರಿತು ಬರೆದಿದ್ದರು. 1990ರ ದಶಕದಲ್ಲಿ ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ಒಂದೇ ಪ್ರದೇಶದಲ್ಲಿ ಕಾಯಿಲೆಗಳು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಹೀಗೆ ಸಂಶೋಧನೆಯ ಮೂಲ ಪ್ರಶ್ನೆ ಊರಿನಿಂದಲೇ ಹೊರಟಿತ್ತು.

ಪರಸ್ಪರ ವಿರುದ್ಧ ವರದಿಗಳು

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಯ ಹಾಲು ಮೊದಲಾದ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಎಂಡೋಸಲ್ಫಾನ್ ಶೇಷಾಂಶ ಅಧಿಕವಾಗಿದೆ ಎಂದು ಪ್ರಕಟಿಸಿತು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ ತಮಿಳುನಾಡಿನ ಸಂಸ್ಥೆಯೊಂದರಿಂದ ಮಾಡಿಸಿದ ಅಧ್ಯಯನವು ರಕ್ತ ಹಾಗೂ ತಾಯಿಯ ಹಾಲಿನಲ್ಲಿ ಶೇಷಾಂಶ ಕಂಡುಬಂದಿಲ್ಲ ಎಂದಿತು. ತಮ್ಮದೇ ರಕ್ತ, ಹಾಲುಗಳ ಬಗ್ಗೆ ಎರಡು ವಿರುದ್ಧ ಉತ್ತರಗಳು ಜನರ ಮುಂದೆ ಬಂದವು. ಇಂತಹ ಸಂದರ್ಭದಲ್ಲಿ ಅಂತಿಮ ಅಂಕಿಗಳನ್ನು ಮಾತ್ರ ತಿಳಿಸಿದರೆ ಸಾಲದು; ಮಾದರಿಯನ್ನು ಯಾವಾಗ, ಎಲ್ಲಿ, ಯಾರು ಸಂಗ್ರಹಿಸಿದರು, ಯಾವ ವಿಧಾನದಿಂದ ಪರೀಕ್ಷಿಸಿದರು, ವೆಚ್ಚ ಯಾರದು ಎಂಬುದನ್ನೂ ತಿಳಿಸಬೇಕಾಗುತ್ತದೆ.

ಅಂಕಿಗಳ ಅರ್ಥ

ಬಳಿಕ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸೂಚನೆಯ ಹಿನ್ನೆಲೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ನಡೆಸಿತು. ಅದರ ಒಂದು ಭಾಗವು 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಸಿಂಪಡಣೆಗೆ ಒಳಗಾದ ಊರಿನ 10ರಿಂದ 19 ವರ್ಷದ 117 ಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಅದರಲ್ಲಿ ಹೋಲಿಸಲಾಗಿತ್ತು. ಪರೀಕ್ಷಿಸಿದವರಲ್ಲಿ ಮೊದಲ ಗುಂಪಿನ ಶೇ. 78 ಹಾಗೂ ಎರಡನೆಯ ಗುಂಪಿನ ಶೇ. 29 ಬಾಲಕರ ರಕ್ತದಲ್ಲಿ ಶೇಷಾಂಶ ಕಂಡುಬಂದಿತು. ಎಂಡೋಸಲ್ಫಾನ್ ಬಾಲಕರ ಪ್ರೌಢಾವಸ್ಥೆಯನ್ನು ವಿಳಂಬಗೊಳಿಸಬಹುದು ಎಂದು ಸಂಶೋಧಕರು ಅಭಿಪ್ರಾಯಪಟ್ಟರು. ಮಾದರಿಯ ಗಾತ್ರ ಚಿಕ್ಕದೆಂಬ ಮಿತಿಯನ್ನೂ ಒಪ್ಪಿಕೊಂಡರು.

ಈ ಅಂಕಿಗಳು ಗುಂಪುಗಳ ನಡುವಿನ ವ್ಯತ್ಯಾಸವನ್ನು ತೋರಿಸುತ್ತವೆ. ನಿರ್ದಿಷ್ಟ ಬಾಲಕನೊಬ್ಬನ ಭವಿಷ್ಯವನ್ನು ಹೇಳುವುದಿಲ್ಲ. ಈ ಭೇದವನ್ನು ವಿವರಿಸದಿದ್ದರೆ ಪೋಷಕರಲ್ಲಿ ಅನಗತ್ಯ ಭೀತಿಯೋ ಹುಸಿ ಸಮಾಧಾನವೋ ಮೂಡುತ್ತದೆ.

ಹಂಚಿಕೆಯ ತತ್ತ್ವಗಳು

* ಸಾಮೂಹಿಕ ಫಲಿತಾಂಶವನ್ನು ಗ್ರಾಮಸಭೆಯಂತಹ ಬಹಿರಂಗ ಸಭೆಯಲ್ಲಿ ಸ್ಥಳೀಯ ಭಾಷೆಯಲ್ಲಿ ತಿಳಿಸುವುದು.
* ವ್ಯಕ್ತಿಯ ಫಲಿತಾಂಶವನ್ನು, ಆತನು ಬಯಸಿದಲ್ಲಿ, ಗೋಪ್ಯವಾಗಿ ನೀಡುವುದು.
* ಖಚಿತವಾದುದನ್ನೂ ಅನಿಶ್ಚಿತವಾದುದನ್ನೂ ಬೇರ್ಪಡಿಸಿ ಹೇಳುವುದು.
* ಪರ್ಯಾಯ ನೀರು, ಚಿಕಿತ್ಸೆ ಮುಂತಾದ ಮುಂದಿನ ದಾರಿಯನ್ನು ಸೂಚಿಸುವುದು.

ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ಸರ್ಕಾರಿ ಸಂಸ್ಥೆಗಳ ವರದಿಗಳನ್ನು ನಾಗರಿಕರು ಕೇಳಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯು ಸಾರ್ವಜನಿಕ ವಿಚಾರಣೆಗೆ ಒಳಪಡುವ ಯೋಜನೆಗಳ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸುತ್ತದೆ.

ನಂತರದ ಬೆಳವಣಿಗೆಗಳು

2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಕೆಲವು ವಿನಾಯಿತಿಗಳೊಂದಿಗೆ ಸೇರಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ಮಧ್ಯಂತರ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ದಕ್ಷಿಣ ಕನ್ನಡ ಜಿಲ್ಲೆಯ ಕೊಕ್ಕಡ ಪರಿಸರದಲ್ಲಿಯೂ ಗೇರು ತೋಟಗಳ ಸಿಂಪಡಣೆಯಿಂದ ಬಾಧಿತರಾದ ಕುಟುಂಬಗಳಿವೆ.