ಬೆನ್ನ ಮೇಲಿನ ಅಂಕಿ ಓದಿ

ನಮ್ಮ ಕಲಿಕಾ ಕೇಂದ್ರದ ಅಕ್ಕಂದಿರು ಕೋಲಾಟದ ತಂಡ ಕಟ್ಟಿದ್ದಾರೆ. ಸಂಜೆ ಮೊಬೈಲಿನಲ್ಲಿ ಹಾಡು ಹಾಕಿ ಆಡುತ್ತಾರೆ. ಹಾಡು ಕೇಳಿಸುತ್ತಿತ್ತು. ಡೋಲಿನ ಪೆಟ್ಟು ಕೇಳಿಸುತ್ತಿರಲಿಲ್ಲ. ಪೆಟ್ಟು ಕೇಳದಿದ್ದರೆ ಕೋಲು ತಪ್ಪುತ್ತದೆ. ಬೆರಳಿಗೆ ಏಟು ಬೀಳುತ್ತದೆ! ಅದಕ್ಕೇ ನಾವೆಲ್ಲ ಸೇರಿ ಒಂದು ಸಬ್‌ವೂಫರ್ ಪೆಟ್ಟಿಗೆ ಮಾಡಿದೆವು.

ಸಬ್‌ವೂಫರ್ ಅಂದ್ರೆ ಏನು? ತಾಳ ಚಿಕ್ಕದು. ಅದರ ಸದ್ದು ಸಣ್ಣ. ಡೊಳ್ಳು ದೊಡ್ಡದು. ಅದರ ಸದ್ದು ದಪ್ಪ, ಎದೆಗೇ ತಾಗುತ್ತದೆ. ಸ್ಪೀಕರೂ ಹಾಗೇ. ದಪ್ಪ ಸದ್ದು ಕೊಡುವ ದೊಡ್ಡ ಸ್ಪೀಕರಿಗೆ ವೂಫರ್ ಅಂತಾರೆ. 8, 10, 12 ಇಂಚಿನವು ಸಿಗುತ್ತವೆ. ಹಿಂದೆ ಅಯಸ್ಕಾಂತ ಇರುತ್ತದೆ. ನಡುವೆ ತಾಮ್ರದ ತಂತಿಯ ಸುರುಳಿ. ಕರೆಂಟು ಬಂದರೆ ಸುರುಳಿ ಹಿಂದೆ ಮುಂದೆ ಆಡುತ್ತದೆ. ಅದಕ್ಕೆ ಅಂಟಿದ ಕಾಗದದ ಬಟ್ಟಲು ಗಾಳಿಯನ್ನು ತಳ್ಳುತ್ತದೆ. ಅದೇ ಸದ್ದು. ವೂಫರನ್ನು ಪೆಟ್ಟಿಗೆಯಲ್ಲಿ ಕೂರಿಸಬೇಕು. ಅದಕ್ಕೆ ದಪ್ಪ ಸದ್ದನ್ನು ಮಾತ್ರ ಕಳಿಸುವ ಆಂಪ್ಲಿಫೈಯರ್ ಜೋಡಿಸಬೇಕು. ಆಗ ಅದು ಸಬ್‌ವೂಫರ್.

ನಾವು 8 ಇಂಚಿನ ಎರಡು ವೂಫರ್ ತಂದೆವು. ಬೆನ್ನ ಮೇಲೆ 4 ಅಂತ ಬರೆದಿತ್ತು. ಆಂಪ್ಲಿಫೈಯರಿನ ಬೆನ್ನಿಗೂ 4 ಅಂತಲೇ ಇತ್ತು. ನಾಲ್ಕಕ್ಕೆ ನಾಲ್ಕು ಸರಿಹೋಯಿತು ಅಂದುಕೊಂಡೆವು. ಎರಡನ್ನೂ ಒಂದೇ ಕಡೆ ಸಿಕ್ಕಿಸಿದೆವು. ಅರ್ಧ ಗಂಟೆ ಚೆನ್ನಾಗಿ ಹಾಡಿತು. ಆಮೇಲೆ ಸುಟ್ಟ ವಾಸನೆ, ಹೊಗೆ. ಸಂಘದ ಎರಡು ತಿಂಗಳ ಉಳಿತಾಯ ಹೋಯಿತು. "ಹೆಂಗಸರಿಗೆ ವೈರಿನ ಕೆಲಸ ಯಾಕೆ?" ಅಂತ ಕಟ್ಟೆಯ ಮೇಲೆ ಕೂತವರು ನಕ್ಕರು. ತಪ್ಪು ಅಕ್ಕಂದಿರದಲ್ಲ. ಓದು ಬಂದರೂ ಓದದೆ ಜೋಡಿಸಿದವರು ಪಾಠ ಹೇಳುವ ನಾವೇ.

ಆ 4ರ ಪಕ್ಕ ಬಾಯಿ ಕೆಳಗಾದ ಕುದುರೆ ಲಾಳದಂಥ ಗುರುತು ಇರುತ್ತದೆ. ಅದನ್ನು ಓಮ್ ಅಂತ ಓದಬೇಕು. ದೇವರ ಮುಂದೆ ಹೇಳುವ ಓಂ ಅಲ್ಲ. ಜಾರ್ಜ್ ಓಮ್ ಅಂತ ಜರ್ಮನಿಯಲ್ಲಿ ಒಬ್ಬರು ಶಾಲೆ ಮೇಷ್ಟ್ರು ಇದ್ದರು. ತಂತಿ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕವನ್ನು 1827ರಲ್ಲಿ ಪುಸ್ತಕವಾಗಿ ಬರೆದರು. ಆ ತಡೆಯ ಅಳತೆಗೆ ಅವರದೇ ಹೆಸರು.

ಒಂದು ಟ್ಯಾಂಕಿಗೆ ಒಂದು ನಲ್ಲಿ ಇದೆ ಅನ್ನಿ. ಪಕ್ಕದಲ್ಲಿ ಇನ್ನೊಂದು ನಲ್ಲಿ ಬಿಟ್ಟರೆ? ನೀರು ಎರಡರಷ್ಟು ಹೋಗುತ್ತದೆ. ಎರಡು ವೂಫರನ್ನು ಅಕ್ಕಪಕ್ಕ ಜೋಡಿಸಿದರೂ ಹಾಗೇ. ತಡೆ ಅರ್ಧವಾಗುತ್ತದೆ. 4 ಓಮಿನ ಎರಡು ಸೇರಿ 2 ಓಮ್ ಆಯಿತು. ನಮ್ಮ ಆಂಪ್ಲಿಫೈಯರಿಗೆ 4ಕ್ಕಿಂತ ಕಡಿಮೆ ಆಗಬಾರದಿತ್ತು. ಕರೆಂಟು ವಿಪರೀತ ಹರಿಯಿತು, ಸುಟ್ಟಿತು.

ಒಂದರ ಹಿಂದೆ ಒಂದು ಜೋಡಿಸಿದರೆ ತಡೆ ಕೂಡುತ್ತದೆ. 4 ಮತ್ತು 4, ಒಟ್ಟು 8. ಇದು ಹೀಗೆ: ಆಂಪ್ಲಿಫೈಯರಿನ + ನಿಂದ ಮೊದಲ ವೂಫರಿನ + ಗೆ ವೈರು. ಅದರ - ನಿಂದ ಎರಡನೆಯದರ + ಗೆ. ಎರಡನೆಯದರ - ನಿಂದ ಆಂಪ್ಲಿಫೈಯರಿನ - ಗೆ. ಸದ್ದು ಸ್ವಲ್ಪ ಇಳಿಯುತ್ತದೆ, ಆದರೆ ಸುಡುವುದಿಲ್ಲ. ಹೊಸ ಆಂಪ್ಲಿಫೈಯರಿಗೆ ನಾವು ಹೀಗೇ ಜೋಡಿಸಿದೆವು.

ನೀವು ಹೊಸದಾಗಿ ಕೊಳ್ಳುವಿರಾ? ಮೊದಲು ಆಂಪ್ಲಿಫೈಯರಿನ ಬೆನ್ನು ಓದಿ. ಅಲ್ಲಿ 4 ಇದ್ದರೆ 8 ಓಮಿನ ಎರಡು ವೂಫರ್ ಕೇಳಿ. ಅಕ್ಕಪಕ್ಕ ಜೋಡಿಸಿದರೆ 4 ಆಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಸಾಮಾನು ಮಾರುವ ಅಂಗಡಿಗಳ ಸಾಲೇ ಇದೆ. ಎಲ್ಲೇ ಕೊಂಡರೂ "ಆರ್‌ಎಂಎಸ್ ವ್ಯಾಟ್ ಎಷ್ಟು?" ಅಂತ ಕೇಳಿ. ಡಬ್ಬದ ಮೇಲಿನ ದೊಡ್ಡ ದೊಡ್ಡ ವ್ಯಾಟಿನ ಅಂಕಿ ಎಷ್ಟೋ ಸಲ ಬರೀ ಬಡಾಯಿ. ಬಟ್ಟಲಿನ ಅಂಚು ರಬ್ಬರಿನದಾದರೆ ಒಳ್ಳೆಯದು. ಸ್ಪಂಜಿನ ಅಂಚು ಕೆಲವು ವರ್ಷಕ್ಕೆ ಪುಡಿಯಾಗುತ್ತದೆ.

ಇನ್ನೊಂದು ಮಾತು. ಎರಡನೆಯ ಸಲ ಹೊಗೆ ಬರಲಿಲ್ಲ, ಆದರೆ ಸದ್ದು ಸತ್ತ ಹಾಗಿತ್ತು. ಒಂದು ವೂಫರಿಗೆ + ಮತ್ತು - ಅದಲುಬದಲು ಆಗಿತ್ತು. ಒಂದು ಬಟ್ಟಲು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು. ಒಂದರ ಸದ್ದನ್ನು ಇನ್ನೊಂದು ನುಂಗಿಬಿಡುತ್ತದೆ. ಗುರುತು ಅಳಿಸಿದ್ದರೆ ವೂಫರಿನ ವೈರು ಬಿಚ್ಚಿ ಟಾರ್ಚಿನ ಒಂದು ಸೆಲ್ಲು ತಾಗಿಸಿ ನೋಡಿ. ಬಟ್ಟಲು ಮುಂದೆ ಬಂದರೆ ಸೆಲ್ಲಿನ + ತಾಗಿದ ಕಡೆಯೇ ವೂಫರಿನ +. ಈ ಪರೀಕ್ಷೆ ಮಾಡಿದ್ದು ನಮ್ಮ ಕೇಂದ್ರದ ಒಬ್ಬ ಅಜ್ಜಿ!

ಪೆಟ್ಟಿಗೆಗೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಸಂದುಗಳಿಗೆ ಅಂಟು ತುಂಬಿ. ಗಾಳಿ ಸೋರಿದರೆ ಪೆಟ್ಟಿಗೆ ಬುಸುಗುಡುತ್ತದೆ. ಪ್ಲಗ್ ಕಿತ್ತ ಮೇಲೇ ವೈರು ಮುಟ್ಟಿ. ಆಂಪ್ಲಿಫೈಯರಿನ ಮುಚ್ಚಳ ತೆಗೆಯಬೇಡಿ, ಒಳಗೆ 230 ವೋಲ್ಟ್ ಇರುತ್ತದೆ. ಪೆಟ್ಟಿಗೆಯನ್ನು ಗೋಡೆಯ ಮೂಲೆಗೆ ಇಟ್ಟರೆ ದಪ್ಪ ಸದ್ದು ಇನ್ನೂ ಹೆಚ್ಚುತ್ತದೆ. ನಮ್ಮದು ಅಲ್ಲೇ ಇದೆ. ಕೋಲಾಟದ ದಿನ ಕಿಟಕಿ ಅದುರುತ್ತದೆ.