ನಮ್ಮ ನಂತರ ಮಕ್ಕಳಿಗೊಂದು ಮನೆ: ಭೂಮಿಪೂಜೆಗೆ ಮೊದಲು ಹಾಕಬೇಕಾದ ಲೆಕ್ಕ



ಮಾನ್ವಿ ಕಡೆಯ ಹಿರಿಯ ತಾಯಿಯೊಬ್ಬರು ರಾಯಚೂರಿನ ನಮ್ಮ ಅಂಗಡಿಗೆ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: "ಅಣ್ಣಾರೆ, ನಾವು ಹೋದ ಮ್ಯಾಲೆ ಇವನ್ನ ಯಾರು ನೋಡ್ಕೋತಾರ್ರಿ?" ಮಗನಿಗೆ ನಲವತ್ತು ದಾಟಿದೆ. ಹಣ ಎಣಿಸಲು ಬರುವುದಿಲ್ಲ, ರಸ್ತೆ ದಾಟಲು ಜೊತೆಗೊಬ್ಬರು ಬೇಕು. ಆದರೆ ಖಾಲಿ ಚೀಲ ಕೊಟ್ಟರೆ ನನಗಿಂತ ಚೊಕ್ಕವಾಗಿ ಮಡಚಿಡುತ್ತಾನೆ.

ಇಂಥವರಿಗೆ ಒಂದು ವಸತಿಗೃಹ ಬೇಕೆಂಬ ಮಾತು ಸಮಾಜದ ಸಭೆಗಳಲ್ಲಿ ಬಂದಾಗ ಒಬ್ಬರು ನಿವೇಶನ, ಇನ್ನೊಬ್ಬರು ಕೋಣೆ ಕಟ್ಟಿಸಿಕೊಡುವುದಾಗಿ ಹೇಳುತ್ತಾರೆ. ಅದು ಪುಣ್ಯದ ಕೆಲಸವೇ. ಆದರೆ ಕಟ್ಟಡ ಒಂದು ಸಲದ ಖರ್ಚು. ಮನೆ ನಡೆಯುವುದು ತಿಂಗಳ ಸಂಬಳದ ಮೇಲೆ. ವ್ಯಾಪಾರಿಯಾಗಿ ನಾನು ಹೇಳಬೇಕೆಂದಿರುವುದು ಈ ಲೆಕ್ಕವನ್ನೇ.

ಇದು ಎಂಥ ಮನೆ?

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ 18 ವರ್ಷ ದಾಟಿದವರು ಕೆಲವೇ ಜನ ಒಟ್ಟಿಗೆ ಬಾಳುವ ಮನೆ. ಇದು ಆಸ್ಪತ್ರೆಯಲ್ಲ, ಅನಾಥಾಶ್ರಮವೂ ಅಲ್ಲ. ಈ ಸ್ಥಿತಿ ಮಾನಸಿಕ ಕಾಯಿಲೆಯಲ್ಲ. ಬಾಲ್ಯದಿಂದಲೇ ಬಂದದ್ದು, ಬದುಕಿನುದ್ದಕ್ಕೂ ಇರುವಂಥದ್ದು. 1970ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಶಾ ನಿಕೇತನದಲ್ಲಿ ನಿವಾಸಿಗಳು, ಸಹಾಯಕರು ಒಂದೇ ಕುಟುಂಬದಂತೆ ಬಾಳುವ ಪದ್ಧತಿ ಬೆಳೆದಿದೆ. ಕೇಂದ್ರದ ನ್ಯಾಷನಲ್ ಟ್ರಸ್ಟಿನ ‘ಘರೌಂದಾ’ ಯೋಜನೆ ರೂಪುಗೊಂಡದ್ದೂ ವಯಸ್ಕರ ವಸತಿಗಾಗಿಯೇ.

ಪಾಳಿಯ ಲೆಕ್ಕ

ಎಂಟು ನಿವಾಸಿಗಳ ಮನೆ ಎಂದುಕೊಳ್ಳಿ. ಎಂಟು ಗಂಟೆಯ ಪಾಳಿಯಾದರೆ ದಿನಕ್ಕೆ ಮೂರು ಪಾಳಿ. ಬೆಳಿಗ್ಗೆ ಇಬ್ಬರು, ಸಂಜೆ ಇಬ್ಬರು, ರಾತ್ರಿ ಎಚ್ಚರವಾಗಿರುವ ಒಬ್ಬರು. ದಿನಕ್ಕೆ ಐದರಂತೆ ವಾರಕ್ಕೆ 35 ಪಾಳಿ. ವಾರದ ರಜೆ ಕೊಟ್ಟರೆ ಒಬ್ಬರಿಂದ ಆರು ಪಾಳಿ ಮಾತ್ರ. ಅಂದರೆ ಆರು ಜನ ಬೇಕು. ಜ್ವರ, ಹಬ್ಬ, ಮದುವೆಯ ರಜೆ ಸೇರಿಸಿದರೆ ಏಳು. ಅಡುಗೆಯವರು, ಉಸ್ತುವಾರಿ ನೋಡುವವರು ಬೇರೆ.

ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ರಾತ್ರಿ ಪಾಳಿಗೆ. ಫಿಟ್ಸ್ ಬರುವುದು, ಹಾಸಿಗೆಯಿಂದ ಬೀಳುವುದು, ಬಾಗಿಲು ತೆರೆದು ಹೊರಗೆ ಹೋಗುವುದು ಆ ಹೊತ್ತಿನಲ್ಲೂ ಆಗಬಹುದು. ಹಗಲೆಲ್ಲ ದುಡಿದವರನ್ನೇ ರಾತ್ರಿಯೂ ಮಲಗಿಸಿಕೊಂಡರೆ ಅದು ಕಾವಲಲ್ಲ.

ಔಷಧ, ಊಟ, ಉಪವಾಸ

ನಮ್ಮ ಮನೆಗಳಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ. ವಸತಿಗೃಹದಲ್ಲಿಯೂ ಈ ಪದ್ಧತಿ ಇಟ್ಟುಕೊಳ್ಳಬಹುದು. ಆದರೆ ಫಿಟ್ಸ್ ಮಾತ್ರೆ ಒಮ್ಮೆಲೇ ತಪ್ಪಿದರೆ ಜೀವಕ್ಕೇ ಅಪಾಯ. ಸಂಜೆಯ ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳಿಯೇ ನಿಗದಿ ಮಾಡಬೇಕು. ರಾತ್ರಿಯೇ ಕೊಡಬೇಕೆಂದರೆ ರಾತ್ರಿಯೇ ಕೊಡಬೇಕು. ಪರ್ಯೂಷಣದಲ್ಲಿ, ದಶಲಕ್ಷಣ ಪರ್ವದಲ್ಲಿ ಮನೆಯವರು ಉಪವಾಸವಿದ್ದಾರೆಂದು ನಿವಾಸಿಗೆ ಉಪವಾಸ ಮಾಡಿಸಬಾರದು. ರಾಯಚೂರಿನ ಬೇಸಿಗೆಯಲ್ಲಂತೂ ಬಾಯಾರಿಕೆಯನ್ನು ಹೇಳಿಕೊಳ್ಳಲಾಗದವರಿಗೆ ನಾವಾಗಿಯೇ ಆಗಾಗ ನೀರು ಕೊಡಬೇಕು.

ಬೀಗ ಮತ್ತು ತಪಾಸಣೆ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಖಾಸಗಿ ಗೃಹಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ, 28 ಜನ ಸತ್ತರು. ಅವರ ಕಾಯಿಲೆ ಬೇರೆ, ಪಾಠ ಒಂದೇ: ಸಾಕಷ್ಟು ಜನರಿಲ್ಲದ ಕಡೆ ಬೀಗವೇ ಆರೈಕೆದಾರನಾಗುತ್ತದೆ.

ನಾನು ನೋಡಿದ ಒಂದು ವಸತಿಗೃಹದಲ್ಲಿ ಸೋಮವಾರವೇ ಇಡೀ ವಾರದ ಔಷಧದ ಸಹಿ ಬಿದ್ದಿತ್ತು. ಕೇಳಿದರೆ "ಹೊತ್ತು ಸಿಗಲ್ಲರಿ" ಎಂದರು. ಆದ್ದರಿಂದ ಟ್ರಸ್ಟಿಗಳು ಹೇಳದೆ ಹೋಗಿ ನೋಡಬೇಕು. ಪ್ರತಿ ನಿವಾಸಿಯ ಪಿಂಚಣಿ ಹಣಕ್ಕೆ ಪ್ರತ್ಯೇಕ ಖಾತೆ ಇರಬೇಕು. ಮನೆಯವರು ಯಾವಾಗ ಬಂದರೂ ಒಳಗೆ ಬಿಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಇಂಥ ಸಂಸ್ಥೆಗೆ ನೋಂದಣಿ ಕಡ್ಡಾಯ.

ತಂದೆ-ತಾಯಿ ಈಗಲೇ ಮಾಡಬೇಕಾದ್ದು

ಮೊದಲನೆಯದು, ಯುಡಿಐಡಿ ಕಾರ್ಡ್. ದೇವದುರ್ಗ, ಮಾನ್ವಿಯ ಹಳ್ಳಿಗಳವರು ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು.

ಎರಡನೆಯದು, ನಿರಾಮಯ ಆರೋಗ್ಯ ವಿಮೆ. ನ್ಯಾಷನಲ್ ಟ್ರಸ್ಟ್ ನಡೆಸುವ ಈ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ.

ಮೂರನೆಯದು, ಕಾನೂನುಬದ್ಧ ಪೋಷಕತ್ವ. ಮಗನಿಗೆ 18 ತುಂಬಿದ ಮೇಲೆ ತಂದೆ-ತಾಯಿ ಕಾನೂನಿನಲ್ಲಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಕೂರಿಸಿಕೊಂಡು ಈಗಲೇ ಮಾತಾಡಿ.

ನಾಲ್ಕನೆಯದು, ರೂಢಿ. ತಾಯಿ ತೀರಿದ ವಾರವೇ ಹೊಸ ಮನೆಗೆ ಸೇರಿಸಿದರೆ ಅವನಿಗೆ ಎರಡು ಆಘಾತ. ನೀವು ಗಟ್ಟಿಯಾಗಿರುವಾಗಲೇ ಎರಡು ದಿನ, ಆಮೇಲೆ ಒಂದು ವಾರ ಬಿಟ್ಟು ನೋಡಿ. ಹೋಗಲು ಅವನಿಗೆ ಮನಸ್ಸಿದೆಯೇ ಎಂದು ಅವನನ್ನೂ ಕೇಳಿ.

ಸಿಬ್ಬಂದಿ ತರಬೇತಿಯ ಬಗ್ಗೆ ಸಿಕಂದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಬೌದ್ಧಿಕ ವಿಕಲಚೇತನರ ರಾಷ್ಟ್ರೀಯ ಸಂಸ್ಥೆಯನ್ನು ವಿಚಾರಿಸಬಹುದು. 1984ರಿಂದ ಅದು ಈ ಕೆಲಸದಲ್ಲಿದೆ. ನಮಗೆ ಬೆಂಗಳೂರಿಗಿಂತ ಹತ್ತಿರ.

ನನ್ನ ವಿನಂತಿ

ನಮ್ಮ ನಾಲ್ಕು ದಾನಗಳಲ್ಲಿ ಅಭಯದಾನವೂ ಒಂದು. ಇಲ್ಲಿ ಅಭಯವೆಂದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವ ಒಬ್ಬ ಮನುಷ್ಯ. ಇಂಥ ಮನೆಗೆ ಭೂಮಿಪೂಜೆ ಮಾಡುವ ಮೊದಲು ಮೂರು ವರ್ಷದ ಸಂಬಳವನ್ನು ಠೇವಣಿ ಇಡೋಣ. ಮಕ್ಕಳ ಮದುವೆಯಲ್ಲೋ ಹಿರಿಯರ ಪುಣ್ಯತಿಥಿಯಲ್ಲೋ ಒಂದು ತಿಂಗಳ ರಾತ್ರಿ ಪಾಳಿಯ ಸಂಬಳವನ್ನು ದಾನವಾಗಿ ಬರೆಸೋಣ. ಈ ದಾನಕ್ಕೆ ಗೋಡೆಯ ಮೇಲೆ ಹೆಸರು ಬರುವುದಿಲ್ಲ. ಆದರೆ ಆ ತಾಯಿ ಮುಂದಿನ ಸಲ ಅಂಗಡಿಗೆ ಬಂದಾಗ ಉತ್ತರ ಹೇಳಲು ನನಗೆ ಬಾಯಿ ಬರುತ್ತದೆ.

ಜೈ ಜಿನೇಂದ್ರ.